ಒಂದೇ ಮಾರ್ಚ್, ಎರಡು ಕಿರೀಟ: ನ್ಯೂಯಾರ್ಕ್ ಸಿಟಿ ಕಾಲೇಜಿನ 1949–50ರ ಬ್ಯಾಸ್ಕೆಟ್‌ಬಾಲ್ ಋತು

1950ರ ಮಾರ್ಚ್ 28ರ ರಾತ್ರಿ ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಸಿಟಿ ಕಾಲೇಜ್ ಆಫ್ ನ್ಯೂಯಾರ್ಕ್ ತಂಡ ಬ್ರಾಡ್ಲಿ ವಿಶ್ವವಿದ್ಯಾಲಯವನ್ನು 71–68ರಿಂದ ಸೋಲಿಸಿ, ಕಾಲೇಜು ಕ್ರೀಡೆಗಳ ಸಂಘಟನೆಯಾದ ಎನ್‌ಸಿಎಎ ಬ್ಯಾಸ್ಕೆಟ್‌ಬಾಲ್ ಪ್ರಶಸ್ತಿ ಗೆದ್ದಿತು. ಹತ್ತು ದಿನಗಳ ಹಿಂದೆ ಅದೇ ಅಂಕಣದಲ್ಲಿ ಅದೇ ಎದುರಾಳಿಯನ್ನು 69–61ರಿಂದ ಮಣಿಸಿ, ಆ ಕಾಲಕ್ಕೆ ಇನ್ನೂ ಹೆಚ್ಚು ಪ್ರತಿಷ್ಠೆಯದಾಗಿದ್ದ, ಆಹ್ವಾನಿತ ತಂಡಗಳ ಟೂರ್ನಿಯಾದ ಎನ್‌ಐಟಿ ಪ್ರಶಸ್ತಿಯನ್ನೂ ಅದು ತನ್ನದಾಗಿಸಿಕೊಂಡಿತ್ತು. ಒಂದೇ ಋತುವಿನಲ್ಲಿ ಈ ಎರಡೂ ಟೂರ್ನಿಗಳನ್ನು ಗೆದ್ದ ಪುರುಷರ ತಂಡ ಅದಕ್ಕೆ ಮೊದಲು ಇರಲಿಲ್ಲ, ಆಮೇಲೂ ಬರಲಿಲ್ಲ. ಒಂದು ವರ್ಷ ತುಂಬುವ ಮೊದಲೇ, 1951ರ ಫೆಬ್ರವರಿಯಲ್ಲಿ, ಆ ತಂಡದ ಮುಖ್ಯ ಆಟಗಾರರನ್ನು ಲಂಚದ ಆರೋಪದ ಮೇಲೆ ಪೊಲೀಸರು ಬಂಧಿಸತೊಡಗಿದರು.

ಈ ಕಥೆಯನ್ನು ಮೊದಲು ಏಳಿಗೆ, ಆಮೇಲೆ ಪತನ ಎಂದು ಎರಡು ಅಧ್ಯಾಯಗಳಾಗಿ ಹೇಳುವುದು ವಾಡಿಕೆ. ಬಡವರ ಮಕ್ಕಳು ದೇಶ ಗೆದ್ದರು, ದುಡ್ಡಿನ ಆಸೆಗೆ ಬಿದ್ದು ಎಲ್ಲವನ್ನೂ ಕಳೆದುಕೊಂಡರು ಎಂಬ ಈ ನಿರೂಪಣೆ ಕೇಳುವುದಕ್ಕೆ ಚೆನ್ನಾಗಿದೆ. ಆದರೆ ಕಾಲಾನುಕ್ರಮವೇ ಅದಕ್ಕೆ ಒಪ್ಪುವುದಿಲ್ಲ. ಬಂಧಿತರಲ್ಲಿ ಇಬ್ಬರು, ಇರ್ವಿನ್ ಡ್ಯಾಂಬ್ರಾಟ್ ಮತ್ತು ನಾರ್ಮ್ ಮೇಗರ್, 1950ರಲ್ಲೇ ಕಾಲೇಜು ಮುಗಿಸಿದವರು. ಅವರ ಮೇಲಿನ ಆರೋಪ 1950–51ರ ಋತುವಿನದಾಗಿರಲು ಸಾಧ್ಯವೇ ಇಲ್ಲ. ಅಂದರೆ ಕಿರೀಟ ಗೆದ್ದ ಋತುವಿನೊಳಗೇ ಬಾಜಿಯ ಹಣ ಓಡಾಡುತ್ತಿತ್ತು. ಆ ತಂಡವನ್ನು ದೇಶದ ಕಣ್ಣಿಗೆ ಕಾಣಿಸಿದ ಏರ್ಪಾಡು ಮತ್ತು ಅದನ್ನು ನುಂಗಿದ ಏರ್ಪಾಡು ಬೇರೆಬೇರೆಯಾಗಿರಲಿಲ್ಲ ಎಂಬುದು ಈ ಲೇಖನದ ವಾದ. ಆ ಏರ್ಪಾಡಿನಲ್ಲಿ ಲಾಭ ಪಡೆದವರು ಹಲವರು. ದಂಡ ತೆತ್ತವರಲ್ಲಿ ಬಹುಪಾಲು ಇಪ್ಪತ್ತರ ಆಸುಪಾಸಿನ ಹುಡುಗರು.

ಶುಲ್ಕವಿಲ್ಲದ ಕಾಲೇಜು

ಟೌನ್ಸೆಂಡ್ ಹ್ಯಾರಿಸ್ ಎಂಬ ವರ್ತಕನ ಮುತುವರ್ಜಿಯಿಂದ 1847ರಲ್ಲಿ ಫ್ರೀ ಅಕಾಡೆಮಿ ಎಂಬ ಹೆಸರಿನಲ್ಲಿ ಆರಂಭವಾದ ಈ ಸಂಸ್ಥೆ, ನಗರದ ಖರ್ಚಿನಲ್ಲಿ ನಡೆದ ಉನ್ನತ ಶಿಕ್ಷಣದ ದೊಡ್ಡ ಪ್ರಯೋಗ. 1976ರವರೆಗೆ ಇಲ್ಲಿ ಬೋಧನಾ ಶುಲ್ಕ ಇರಲಿಲ್ಲ. ಪ್ರವೇಶ ಮಾತ್ರ ಸುಲಭದ್ದಲ್ಲ. ಹೈಸ್ಕೂಲಿನ ಅಂಕಗಳ ಆಧಾರದ ಮೇಲೆ ಬಿಗಿಯಾದ ಆಯ್ಕೆ ನಡೆಯುತ್ತಿತ್ತು. ಪೂರ್ವ ಯುರೋಪಿನಿಂದ ವಲಸೆ ಬಂದ ಯಹೂದಿ ದರ್ಜಿಗಳ, ಗಿರಣಿ ಕೆಲಸಗಾರರ, ಗಾಡಿ ವ್ಯಾಪಾರಿಗಳ ಮಕ್ಕಳು ಮೂರು ತಲೆಮಾರು ಇಲ್ಲಿಂದಲೇ ಮಧ್ಯಮ ವರ್ಗಕ್ಕೆ ಏರಿದರು. ಶ್ರೀಮಂತ ವಿಶ್ವವಿದ್ಯಾಲಯಗಳು ಯಹೂದಿ ವಿದ್ಯಾರ್ಥಿಗಳ ಸಂಖ್ಯೆಗೆ ಮಿತಿ ಹಾಕುತ್ತಿದ್ದ ದಿನಗಳವು. ಪೋಲಿಯೊ ಲಸಿಕೆ ಕಂಡುಹಿಡಿದ ಜೋನಸ್ ಸಾಲ್ಕ್, ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಇಬ್ಬರೂ ಇಲ್ಲಿ ಓದಿದವರು. ಹಾರ್ಲೆಮ್‌ನ ಎತ್ತರದ ಮೇಲೆ ಗೋಥಿಕ್ ಕಟ್ಟಡಗಳಲ್ಲಿದ್ದ ಈ ಕಾಲೇಜನ್ನು ಬಡವರ ಹಾರ್ವರ್ಡ್ ಎಂದು ಕರೆಯುತ್ತಿದ್ದರು.

ಯುದ್ಧ ಮುಗಿದ ಮೇಲೆ ಕಾಲೇಜಿನ ಗಾಳಿ ಬಿಸಿಯೇರಿತು. 1949ರ ಏಪ್ರಿಲ್‌ನಲ್ಲಿ ವಿದ್ಯಾರ್ಥಿಗಳು ದೊಡ್ಡ ಮುಷ್ಕರ ಹೂಡಿದರು. ಯಹೂದಿ ದ್ವೇಷದ ಆರೋಪ ಹೊತ್ತಿದ್ದ ರೊಮಾನ್ಸ್ ಭಾಷೆಗಳ ವಿಭಾಗದ ಮುಖ್ಯಸ್ಥ ವಿಲಿಯಂ ನಿಕರ್‌ಬಾಕರ್ ಅವರನ್ನೂ, ವಿದ್ಯಾರ್ಥಿನಿಲಯದಲ್ಲಿ ಕಪ್ಪು ಮತ್ತು ಬಿಳಿಯ ವಿದ್ಯಾರ್ಥಿಗಳನ್ನು ಬೇರ್ಪಡಿಸಿ ಇರಿಸಿದ ವಿಲಿಯಂ ಡೇವಿಸ್ ಅವರನ್ನೂ ತೆಗೆದುಹಾಕಬೇಕೆಂಬುದು ಅವರ ಬೇಡಿಕೆ. ಬ್ಯಾಸ್ಕೆಟ್‌ಬಾಲ್ ಚರಿತ್ರೆ ಬರೆದವರು ಈ ಮುಷ್ಕರವನ್ನು ಸಾಮಾನ್ಯವಾಗಿ ಬದಿಗಿಡುತ್ತಾರೆ. ಅದು ಸರಿಯಲ್ಲ. ಮುಷ್ಕರ ನಡೆದ ಏಳೆಂಟು ತಿಂಗಳಲ್ಲೇ ಇದೇ ಕಾಲೇಜು ಮೂವರು ಯಹೂದಿ, ಇಬ್ಬರು ಆಫ್ರಿಕನ್ ಅಮೆರಿಕನ್ ಹುಡುಗರಿದ್ದ ಐವರ ತಂಡವನ್ನು ಅಂಕಣಕ್ಕಿಳಿಸಿತು. ಗ್ಯಾಲರಿಯಲ್ಲಿ ಕೂಗುತ್ತಿದ್ದ ವಿದ್ಯಾರ್ಥಿಗಳಿಗೆ ಆ ಐವರು ತಮ್ಮ ಬೇಡಿಕೆಯ ಜೀವಂತ ರೂಪವಾಗಿ ಕಂಡರೆ ಆಶ್ಚರ್ಯವಿಲ್ಲ. ಕಪ್ಪು ಆಟಗಾರ ಜಾಕಿ ರಾಬಿನ್ಸನ್ ಬೇಸ್‌ಬಾಲ್‌ನ ಮೇಜರ್ ಲೀಗ್ ಪ್ರವೇಶಿಸಿ ಆಗಿನ್ನೂ ಮೂರು ವರ್ಷ ಆಗಿರಲಿಲ್ಲ. ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಯಲ್ಲಿ ಒಬ್ಬನೇ ಒಬ್ಬ ಕಪ್ಪು ಆಟಗಾರನೂ ಇರಲಿಲ್ಲ.

ಆ ಐವರಲ್ಲಿ ಡ್ಯಾಂಬ್ರಾಟ್ ಅಂತಿಮ ವರ್ಷದ ವಿದ್ಯಾರ್ಥಿ. ಉಳಿದ ನಾಲ್ವರು, ಅಂದರೆ ಎಡ್ ರೋಮನ್, ಎಡ್ ವಾರ್ನರ್, ಅಲ್ ರಾತ್ ಮತ್ತು ಫ್ಲಾಯ್ಡ್ ಲೇನ್, ಎರಡನೆಯ ವರ್ಷದವರು. ಆಗಿನ ನಿಯಮದಂತೆ ಮೊದಲ ವರ್ಷದವರು ಮುಖ್ಯ ತಂಡಕ್ಕೆ ಆಡುವಂತಿರಲಿಲ್ಲವಾದ್ದರಿಂದ ಇದು ಅವರ ಮೊದಲ ಋತು. ಬೆಂಚಿನಲ್ಲಿದ್ದ ಮೇಗರ್, ಹರ್ಬ್ ಕೋಹೆನ್ ಆಗಾಗ ಒಳಬರುತ್ತಿದ್ದರು. ಡ್ಯಾಂಬ್ರಾಟ್ ಜೊತೆಗೆ ನಾಯಕತ್ವ ಹಂಚಿಕೊಂಡಿದ್ದ ಜೋ ಗ್ಯಾಲಿಬರ್ ಮುಂದೆ ನ್ಯೂಯಾರ್ಕ್ ರಾಜ್ಯದ ಸೆನೆಟರ್ ಆದರು. ಎಲ್ಲರೂ ಅದೇ ನಗರದ ಶಾಲೆಗಳಿಂದ ಬಂದವರು, ಬೀದಿಬದಿಯ ಸಿಮೆಂಟ್ ಅಂಕಣಗಳಲ್ಲಿ ಆಟ ಕಲಿತವರು.

ತರಬೇತುದಾರ ನ್ಯಾಟ್ ಹೋಲ್ಮನ್ 1896ರಲ್ಲಿ ಹುಟ್ಟಿದವರು. 1919ರಿಂದ ಕಾಲೇಜಿನ ತಂಡದ ಹೊಣೆ ಹೊತ್ತವರು. ಇಪ್ಪತ್ತರ ದಶಕದಲ್ಲಿ ಒರಿಜಿನಲ್ ಸೆಲ್ಟಿಕ್ಸ್ ಎಂಬ ವೃತ್ತಿಪರ ತಂಡದ ಪ್ರಮುಖ ಆಟಗಾರನಾಗಿದ್ದ ಅವರಿಗೆ ಪತ್ರಿಕೆಗಳು ಮಿಸ್ಟರ್ ಬ್ಯಾಸ್ಕೆಟ್‌ಬಾಲ್ ಎಂಬ ಬಿರುದು ಕೊಟ್ಟಿದ್ದವು. ಚೆಂಡನ್ನು ಕೊಟ್ಟು ಓಡು, ಖಾಲಿ ಜಾಗಕ್ಕೆ ನುಗ್ಗು, ಮತ್ತೆ ಚೆಂಡು ಪಡೆ ಎಂಬುದು ಅವರ ಪಾಠ. ಚೆಂಡನ್ನು ಇಷ್ಟು ಸೆಕೆಂಡುಗಳಲ್ಲಿ ಎಸೆಯಲೇಬೇಕೆಂಬ ನಿಯಮ ಕಾಲೇಜು ಆಟದಲ್ಲಿ ಇಲ್ಲದ ಕಾಲದಲ್ಲಿ ತಾಳ್ಮೆಯ ಪಾಸ್‌ಗಳೇ ಅಸ್ತ್ರ. ಈ ತಂಡದಲ್ಲಿ ಅವರು ಮಾಡಿದ ಒಂದು ಹೊಂದಾಣಿಕೆ ಗಮನಾರ್ಹ: ಆರು ಅಡಿ ಆರು ಅಂಗುಲದ ರೋಮನ್‌ನನ್ನು ಬುಟ್ಟಿಯ ಕೆಳಗೆ ನಿಲ್ಲಿಸದೆ ಹೊರಗಿನಿಂದ ಎಸೆಯಲು ಬಿಟ್ಟರು. ಅವನನ್ನು ತಡೆಯಲು ಎದುರಾಳಿಯ ಅತಿ ಎತ್ತರದ ಆಟಗಾರ ಹೊರಬರಲೇಬೇಕು. ಆಗ ಒಳಗೆ ತೆರವಾದ ಜಾಗದಲ್ಲಿ, ಎತ್ತರದಲ್ಲಿ ಕಡಿಮೆಯಿದ್ದರೂ ಮೈತಿರುವಿನಲ್ಲಿ ಅಸಾಧ್ಯ ಚುರುಕಿದ್ದ ವಾರ್ನರ್ ಬುಟ್ಟಿಗೆ ಬೆನ್ನು ಹಾಕಿ ನಿಂತು ಚೆಂಡು ಪಡೆಯುತ್ತಿದ್ದ. ಇಂದಿನ ಬ್ಯಾಸ್ಕೆಟ್‌ಬಾಲ್‌ನಲ್ಲಿ ಎತ್ತರದವರೂ ದೂರದಿಂದ ಎಸೆಯುವುದು ಸಹಜ. 1950ರಲ್ಲಿ ಎದುರಾಳಿಗಳಿಗೆ ಇದು ತಲೆನೋವಾಗಿತ್ತು.

ಹೋಲ್ಮನ್ ಆಟಗಾರರಿಂದ ದೂರವೇ ಉಳಿಯುವ ಸ್ವಭಾವದವರು. ಹುಡುಗರನ್ನು ಹುಡುಕಿ ತರುವುದು, ಮನೆಯವರೊಡನೆ ಮಾತಾಡುವುದು, ಎದುರಾಳಿಗಳನ್ನು ಅಧ್ಯಯನ ಮಾಡುವುದು ಇವೆಲ್ಲ ಸಹಾಯಕ ತರಬೇತುದಾರ ಬಾಬಿ ಸ್ಯಾಂಡ್ ಪಾಲಿಗೆ ಬಿದ್ದಿದ್ದವು.

ಗಾರ್ಡನ್‌ನ ಲೆಕ್ಕಾಚಾರ

ಈ ಕಥೆಯ ಮುಖ್ಯ ಪಾತ್ರಧಾರಿ ಯಾವ ಆಟಗಾರನೂ ಅಲ್ಲ, ಎಂಟನೇ ಅವೆನ್ಯೂದ ಒಂದು ಕಟ್ಟಡ. 1934ರ ಡಿಸೆಂಬರ್ 29ರಂದು ನೆಡ್ ಐರಿಶ್ ಎಂಬ ಯುವ ಕ್ರೀಡಾ ವರದಿಗಾರ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಅನ್ನು ಬಾಡಿಗೆಗೆ ಪಡೆದು ಒಂದೇ ರಾತ್ರಿ ಎರಡು ಕಾಲೇಜು ಪಂದ್ಯಗಳನ್ನು ಏರ್ಪಡಿಸಿದ. 16 ಸಾವಿರಕ್ಕೂ ಹೆಚ್ಚು ಜನ ಸೇರಿದರು. ಅಲ್ಲಿಯವರೆಗೆ ಕಾಲೇಜಿನ ಸಣ್ಣ ವ್ಯಾಯಾಮಶಾಲೆಗಳಲ್ಲಿ ನಡೆಯುತ್ತಿದ್ದ ಆಟ ಅಂದಿನಿಂದ ದೊಡ್ಡ ವ್ಯಾಪಾರವಾಯಿತು. ನ್ಯೂಯಾರ್ಕ್‌ನ ಬ್ಯಾಸ್ಕೆಟ್‌ಬಾಲ್ ಬರಹಗಾರರ ಸಂಘ 1938ರಲ್ಲಿ ಎನ್‌ಐಟಿಯನ್ನು ಆರಂಭಿಸಿತು. ಅದಕ್ಕೆ ಉತ್ತರವೆಂಬಂತೆ ಮರುವರ್ಷ ಎನ್‌ಸಿಎಎ ಟೂರ್ನಿ ಹುಟ್ಟಿತು. ಪ್ರಚಾರ, ಹಣ, ಪ್ರೇಕ್ಷಕರು ಮೂರೂ ಗಾರ್ಡನ್‌ನಲ್ಲಿದ್ದ ಕಾರಣ ಎನ್‌ಸಿಎಎ ಫೈನಲ್ ಕೂಡ ನಲವತ್ತರ ದಶಕದಲ್ಲಿ ಬಹುಮಟ್ಟಿಗೆ ಅಲ್ಲಿಯೇ ನಡೆಯಿತು.

ಆಟಗಾರರಿಗೆ ಸಂಬಳವಿಲ್ಲ, ಅವರು ಹವ್ಯಾಸಿಗಳು. ಕಟ್ಟಡದ ಒಡೆಯರಿಗೆ ಟಿಕೆಟ್ ಹಣ, ಕಾಲೇಜುಗಳಿಗೆ ಅದರಲ್ಲೊಂದು ಪಾಲು, ಪತ್ರಿಕೆಗಳಿಗೆ ಮಾರಾಟ. ಇವೆಲ್ಲದರ ಪಕ್ಕದಲ್ಲೇ ಬಾಜಿ ಕಟ್ಟುವವರ ಇನ್ನೊಂದು ಮಾರುಕಟ್ಟೆ ಬೆಳೆಯಿತು. ನಲವತ್ತರ ದಶಕದಲ್ಲಿ ಬುಕ್ಕಿಗಳ ನಡುವೆ ಹರಡಿದ ಪಾಯಿಂಟ್ ಸ್ಪ್ರೆಡ್ ಎಂಬ ಪದ್ಧತಿ ಅದಕ್ಕೆ ಜೀವ ತುಂಬಿತು. ಬಲಶಾಲಿ ತಂಡವೂ ದುರ್ಬಲ ತಂಡವೂ ಆಡುವಾಗ ಯಾರು ಗೆಲ್ಲುತ್ತಾರೆಂಬುದರ ಮೇಲೆ ಬಾಜಿ ಕಟ್ಟುವವರು ಕಡಿಮೆ. ಅದಕ್ಕೆ ಬುಕ್ಕಿ ಒಂದು ಅಂತರ ನಿಗದಿ ಮಾಡುತ್ತಾನೆ: ಬಲಶಾಲಿ ತಂಡ, ಉದಾಹರಣೆಗೆ, ಹತ್ತು ಅಂಕಗಳಿಗಿಂತ ಹೆಚ್ಚು ಅಂತರದಿಂದ ಗೆದ್ದರೆ ಮಾತ್ರ ಅದರ ಮೇಲೆ ಕಟ್ಟಿದವರಿಗೆ ಹಣ. ಆರು ಅಂಕಗಳಿಂದ ಗೆದ್ದರೆ ಪಂದ್ಯ ಗೆದ್ದರೂ ಬಾಜಿ ಸೋತಂತೆ.

ಈ ಲೆಕ್ಕದಲ್ಲಿ ಅಡಗಿರುವ ಅಪಾಯವನ್ನು ಕ್ರಿಕೆಟ್ ಬೆಟ್ಟಿಂಗ್ ಹಗರಣಗಳ ಸುದ್ದಿ ಓದಿದ ನಮ್ಮವರು ಬೇಗ ಗ್ರಹಿಸಬಲ್ಲರು. ಹಳೆಯ ಬಗೆಯ ಮೋಸದಲ್ಲಿ ಆಟಗಾರ ತನ್ನ ತಂಡವನ್ನು ಸೋಲಿಸಬೇಕಿತ್ತು. ಅದಕ್ಕೆ ಮನಸ್ಸು ಒಪ್ಪುವುದು ಕಷ್ಟ. ಪಾಯಿಂಟ್ ಸ್ಪ್ರೆಡ್ ಬಂದ ಮೇಲೆ ದಲ್ಲಾಳಿ ಬೇರೆಯೇ ಮಾತಾಡುತ್ತಾನೆ: ನೀವು ಗೆಲ್ಲಿ, ತೊಂದರೆಯಿಲ್ಲ; ಆದರೆ ತೀರ ದೊಡ್ಡ ಅಂತರದಿಂದ ಬೇಡ. ಕೊನೆಯ ನಿಮಿಷಗಳಲ್ಲಿ ಒಂದೆರಡು ಎಸೆತ ತಪ್ಪಿಸಿದರೆ ಯಾರಿಗೆ ಗೊತ್ತಾಗುತ್ತದೆ, ಯಾರಿಗೆ ನಷ್ಟ? ಹತ್ತೊಂಬತ್ತರ ಹುಡುಗನಿಗೆ ಇದು ಅಪರಾಧವೆಂದು ತೋರದಂತೆ ಮಾಡುವ ಶಕ್ತಿ ಆ ಮಾತಿಗಿತ್ತು. ಒಮ್ಮೆ ಒಪ್ಪಿದವನು ಮಾತ್ರ ದಲ್ಲಾಳಿಯ ಕೈಯಲ್ಲಿ. ಮುಂದೆ ಸೋಲಲು ಹೇಳಿದರೆ ಇಲ್ಲವೆನ್ನುವ ಧೈರ್ಯ ಅವನಿಗೆಲ್ಲಿ? ಸಿಟಿ ಕಾಲೇಜಿನ ಹುಡುಗರ ಪಾಲಿಗೆ ಆದದ್ದೂ ಹೀಗೆಯೇ.

ಇದಕ್ಕೆ ತಾಲೀಮು ನಡೆದದ್ದು ಕ್ಯಾಟ್‌ಸ್ಕಿಲ್ ಬೆಟ್ಟಗಳ ಬೇಸಿಗೆ ಹೋಟೆಲುಗಳಲ್ಲಿ. ನ್ಯೂಯಾರ್ಕ್‌ನ ಯಹೂದಿ ಕುಟುಂಬಗಳು ರಜೆ ಕಳೆಯುತ್ತಿದ್ದ ಈ ಹೋಟೆಲುಗಳು ಕಾಲೇಜು ಆಟಗಾರರನ್ನು ಮಾಣಿಗಳಾಗಿ ನೇಮಿಸಿಕೊಳ್ಳುತ್ತಿದ್ದವು. ಹಗಲು ತಟ್ಟೆ ಹೊತ್ತವರು ಸಂಜೆ ಅತಿಥಿಗಳ ಮನರಂಜನೆಗೆ ಪಕ್ಕದ ಹೋಟೆಲಿನ ತಂಡದೊಡನೆ ಆಡಬೇಕು. ಒಟ್ಟು ಎಷ್ಟು ಅಂಕ ಬರುತ್ತದೆಂದು ಅತಿಥಿಗಳು ಪಣ ಕಟ್ಟುತ್ತಿದ್ದರು. ಅಂಕ ತಮಗೆ ಬೇಕಾದಲ್ಲಿ ನಿಂತರೆ ಆಟಗಾರನ ಕೈಗೆ ಒಂದಿಷ್ಟು ನೋಟು. ಇದನ್ನು ಯಾರೂ ಮೋಸವೆಂದು ಎಣಿಸಲಿಲ್ಲ. ಲಾಂಗ್ ಐಲ್ಯಾಂಡ್ ವಿಶ್ವವಿದ್ಯಾಲಯದ ಆಟಗಾರ ಎಡ್ಡಿ ಗಾರ್ಡ್ ಮತ್ತು ಸಾಲ್ವಟೋರ್ ಸೊಲಾಜೊ ಎಂಬ ಆಭರಣ ವ್ಯಾಪಾರಿ ಪರಸ್ಪರ ಹತ್ತಿರವಾದದ್ದು ಇಂಥ ಪರಿಸರದಲ್ಲಿ. ಸೊಲಾಜೊ ಬಾಜಿಯ ಚಟಗಾರ. ಗಾರ್ಡ್ ಅವನಿಗೂ ಆಟಗಾರರಿಗೂ ನಡುವಿನ ಕೊಂಡಿಯಾದ.

ಎಚ್ಚರಿಕೆಯ ಗಂಟೆ ಬಾರಿಸಿರಲಿಲ್ಲ ಎನ್ನುವಂತಿಲ್ಲ. 1945ರ ಜನವರಿಯಲ್ಲಿ ಬ್ರೂಕ್ಲಿನ್ ಕಾಲೇಜಿನ ಐವರು ಆಟಗಾರರು ಪಂದ್ಯ ಸೋಲಲು ಲಂಚ ಪಡೆದದ್ದಾಗಿ ಒಪ್ಪಿಕೊಂಡಿದ್ದರು. ಹವ್ಯಾಸಿ ಆಟಗಾರರಿಗೆ ಲಂಚ ಕೊಡುವುದು ನ್ಯೂಯಾರ್ಕ್ ರಾಜ್ಯದಲ್ಲಿ ಅಪರಾಧವಾದದ್ದು ಆಮೇಲೆ. 1949ರ ಜನವರಿಯಲ್ಲಿ ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದ ಡೇವಿಡ್ ಶಪಿರೊ ತನಗೆ ಬಂದ ಲಂಚದ ಆಹ್ವಾನವನ್ನು ಅಧಿಕಾರಿಗಳಿಗೆ ತಿಳಿಸಿದ್ದ. ಬುಕ್ಕಿಗಳು ನಿಗದಿ ಮಾಡಿದ ಅಂತರಗಳನ್ನು ಪತ್ರಿಕೆಗಳು ನಿತ್ಯ ಅಚ್ಚು ಹಾಕುತ್ತಿದ್ದವು. ಗ್ಯಾಲರಿಯಲ್ಲಿ ಪಂದ್ಯದ ಗತಿ ನಿರ್ಧಾರವಾದ ಮೇಲೂ ಜನ ಕೊನೆಯ ಎಸೆತಕ್ಕೆ ಅರಚುತ್ತಿದ್ದರೆ ಏಕೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಇಷ್ಟು ಗೊತ್ತಿದ್ದೂ ಕಾಲೇಜುಗಳು ಗಾರ್ಡನ್ ಬಿಟ್ಟು ಬರಲಿಲ್ಲ. ನನ್ನ ದೃಷ್ಟಿಯಲ್ಲಿ ಮೊದಲ ಹೊಣೆಗೇಡಿತನ ಇಲ್ಲಿದೆ.

ಹದಿನೆಂಟು ದಿನ, ಏಳು ಪಂದ್ಯ

ಟೂರ್ನಿಗಳಿಗೆ ಮುಂಚಿನ ಪಂದ್ಯಗಳಲ್ಲಿ ಈ ತಂಡ ಅಂಥ ಅದ್ಭುತವನ್ನೇನೂ ಮಾಡಿರಲಿಲ್ಲ. ಹದಿನೇಳು ಗೆಲುವು, ಐದು ಸೋಲು. ಋತುವಿನ ಉತ್ತರಾರ್ಧದಲ್ಲಿ ಕ್ಯಾನಿಶಿಯಸ್, ನಯಾಗರ, ಸಿರಾಕ್ಯೂಸ್ ತಂಡಗಳಿಗೆ ಸೋತು ಮುಗ್ಗರಿಸಿತ್ತು. ಮಾರ್ಚ್ ಹೊತ್ತಿಗೆ ಎಪಿ ಸುದ್ದಿಸಂಸ್ಥೆಯ ಶ್ರೇಯಾಂಕದ ಪಟ್ಟಿಯಲ್ಲಿ ಅದರ ಹೆಸರೇ ಇರಲಿಲ್ಲ. ನಗರದ ಎದುರಾಳಿಗಳ ವಿರುದ್ಧ ಗೆದ್ದದ್ದರಿಂದ ಹನ್ನೆರಡು ತಂಡಗಳ ಎನ್‌ಐಟಿಗೆ ಹೇಗೋ ಆಹ್ವಾನ ಸಿಕ್ಕಿತು.

ಮಾರ್ಚ್ 11ರಂದು ಹಿಂದಿನ ವರ್ಷದ ಎನ್‌ಐಟಿ ವಿಜೇತ ಸ್ಯಾನ್ ಫ್ರಾನ್ಸಿಸ್ಕೊ ತಂಡವನ್ನು 65–46ರಿಂದ ಸೋಲಿಸಿದಾಗ ಜನ ಹುಬ್ಬೇರಿಸಿದರು. ಮಾರ್ಚ್ 14ರ ಎದುರಾಳಿ ಕೆಂಟಕಿ. 1948 ಮತ್ತು 1949ರ ಎನ್‌ಸಿಎಎ ಚಾಂಪಿಯನ್. ಅಡಾಲ್ಫ್ ರಪ್ ಅದರ ತರಬೇತುದಾರ. ಕಪ್ಪು ಜನಾಂಗದ ಒಬ್ಬ ಆಟಗಾರನೂ ಆ ತಂಡದಲ್ಲಿರಲಿಲ್ಲ, ಅರವತ್ತರ ದಶಕದ ಕೊನೆಯವರೆಗೆ ಅಂಥವನೊಬ್ಬನನ್ನು ಸೇರಿಸಿಕೊಳ್ಳಲೂ ಇಲ್ಲ. ಪಂದ್ಯಕ್ಕೆ ಮುನ್ನ ಕೈ ಚಾಚಿದಾಗ ಕೆಂಟಕಿಯ ಕೆಲವರು ಮುಖ ತಿರುಗಿಸಿದರೆಂದು ಸಿಟಿ ಕಾಲೇಜಿನ ಆಟಗಾರರು ಮುಂದೆ ನೆನಪಿಸಿಕೊಂಡರು. ಏಳು ಅಡಿಯ ಬಿಲ್ ಸ್ಪೈವಿಯ ಎದುರು ಆರಂಭದ ಚೆಂಡಿಗೆ ನೆಗೆಯಲು ಹೋಲ್ಮನ್, ಅಪರೂಪಕ್ಕೆ ಅಂಕಣಕ್ಕಿಳಿಯುತ್ತಿದ್ದ ಲೆರಾಯ್ ವಾಟ್ಕಿನ್ಸ್‌ನನ್ನು ಕಳಿಸಿದರು. ವಾಟ್ಕಿನ್ಸ್ ಚೆಂಡು ಗೆದ್ದುಕೊಟ್ಟ. ರೋಮನ್ ಹೊರಗಿನಿಂದ ಎಸೆಯುತ್ತ ಸ್ಪೈವಿಯನ್ನು ಬುಟ್ಟಿಯಿಂದ ದೂರ ಎಳೆದ, ವಾರ್ನರ್ ಒಳಗೆ ಮನಸ್ಸಿಗೆ ಬಂದಂತೆ ಆಡಿದ. ಅಂಕ 89–50. ರಪ್ ಅವರ ದೀರ್ಘ ವೃತ್ತಿಜೀವನದಲ್ಲಿ ಇದಕ್ಕಿಂತ ದೊಡ್ಡ ಸೋಲು ಇಲ್ಲ.

ಸೆಮಿಫೈನಲ್‌ನಲ್ಲಿ ಡ್ಯುಕೇನ್ ತಂಡದ ಮೇಲೆ 62–52ರ ಗೆಲುವು. ಅಂದು ಡ್ಯುಕೇನ್ ಪರ ಆಡಿದ ಚಕ್ ಕೂಪರ್‌ನನ್ನು ಮರು ತಿಂಗಳು ಬಾಸ್ಟನ್ ಸೆಲ್ಟಿಕ್ಸ್ ಆಯ್ದುಕೊಂಡಿತು. ಎನ್‌ಬಿಎ ತಂಡವೊಂದು ಡ್ರಾಫ್ಟ್‌ನಲ್ಲಿ ಆರಿಸಿದ ಮೊದಲ ಕಪ್ಪು ಆಟಗಾರ ಆತ. ಮಾರ್ಚ್ 18ರ ಫೈನಲ್‌ಗೆ ಹೋಲ್ಮನ್ ಜ್ವರದಿಂದ ಬಳಲುತ್ತಲೇ ಬಂದರು. ದೇಶದ ಮೊದಲ ಶ್ರೇಯಾಂಕದ ಬ್ರಾಡ್ಲಿ ಸೋತಿತು. ಟೂರ್ನಿಯ ಶ್ರೇಷ್ಠ ಆಟಗಾರ ಪ್ರಶಸ್ತಿ ವಾರ್ನರ್‌ಗೆ ಬಂತು; ಕಪ್ಪು ಜನಾಂಗದವನೊಬ್ಬ ಆ ಗೌರವ ಪಡೆದದ್ದು ಅದೇ ಮೊದಲು.

ಎನ್‌ಸಿಎಎ ಟೂರ್ನಿಯಲ್ಲಿ ಆಗ ಎಂಟೇ ತಂಡ. ಪೂರ್ವ ವಿಭಾಗದ ಪಂದ್ಯಗಳೂ ಫೈನಲ್ಲೂ ಗಾರ್ಡನ್‌ನಲ್ಲೇ ಇದ್ದದ್ದು ಸಿಟಿ ಕಾಲೇಜಿಗೆ ಒದಗಿಬಂದ ಅನುಕೂಲ, ಅದನ್ನು ಮರೆಮಾಚಬೇಕಾಗಿಲ್ಲ. ಆದರೂ ದಾರಿ ಸಲೀಸಾಗಿರಲಿಲ್ಲ. ಓಹಾಯೋ ಸ್ಟೇಟ್ ಮೇಲೆ 56–55, ಅಂದರೆ ಒಂದೇ ಅಂಕ. ಎವೆರೆಟ್ ಕೇಸ್ ತರಬೇತಿಯ ನಾರ್ತ್ ಕ್ಯಾರೊಲೈನಾ ಸ್ಟೇಟ್ ಮೇಲೆ 78–73. ಮತ್ತೆ ಬ್ರಾಡ್ಲಿ.

ಆ ಕೊನೆಯ ಪಂದ್ಯದಲ್ಲಿ ಮೇಗರ್ ಎದುರಾಳಿಯೊಬ್ಬನಿಗೆ ತಲೆ ಬಡಿದು ಹಣೆಗೆ ಐದು ಹೊಲಿಗೆ ಹಾಕಿಸಿಕೊಂಡು ಮರಳಿ ಬಂದ. ಆರಾಮದ ಮುನ್ನಡೆಯಲ್ಲಿದ್ದ ಸಿಟಿ ಕಾಲೇಜು ಕಡೆಯ ನಿಮಿಷದಲ್ಲಿ ತತ್ತರಿಸಿತು. ಬ್ರಾಡ್ಲಿ ಚೆಂಡು ಕಸಿಯುತ್ತ ಅಂತರವನ್ನು ಒಂದಕ್ಕೆ ಇಳಿಸಿತು, 69–68. ಸೆಕೆಂಡುಗಳು ಉಳಿದಿದ್ದಾಗ ಐದು ಅಡಿ ಎಂಟು ಅಂಗುಲದ ಜೀನ್ ಮೆಲ್ಕಿಯೋರ್ ಬುಟ್ಟಿಯತ್ತ ನುಗ್ಗಿದ. ಡ್ಯಾಂಬ್ರಾಟ್ ಅವನ ಎಸೆತವನ್ನು ತಡೆದು ಚೆಂಡು ಕಿತ್ತುಕೊಂಡು ಅಂಕಣದುದ್ದಕ್ಕೂ ಎಸೆದ. ಹಣೆಗೆ ಪಟ್ಟಿ ಕಟ್ಟಿಕೊಂಡಿದ್ದ ಮೇಗರ್ ಒಬ್ಬನೇ ಓಡಿ ಬುಟ್ಟಿಗೆ ಹಾಕಿದ. 71–68. ಡ್ಯಾಂಬ್ರಾಟ್ ಟೂರ್ನಿಯ ಶ್ರೇಷ್ಠ ಆಟಗಾರನೆನಿಸಿದ.

ಈ ಇಬ್ಬರನ್ನೇ ಪೊಲೀಸರು ಮುಂದಿನ ವರ್ಷ ಬಂಧಿಸಿದರು. ಅದಕ್ಕಾಗಿಯೇ ಈ ಒಂದು ಕ್ಷಣ ಸಂಶೋಧಕನಿಗೆ ಮುಖ್ಯ. ಟೂರ್ನಿಗಳ ಏಳು ಪಂದ್ಯಗಳಲ್ಲಿ ಒಂದರ ಬಗ್ಗೆಯೂ ಮೋಸದ ಆರೋಪ ಸಾಬೀತಾಗಲಿಲ್ಲ. ಲಂಚ ಪಡೆದ ಕೈಗಳೇ ಈ ಪಂದ್ಯವನ್ನು ಪೂರ್ಣ ಮನಸ್ಸಿನಿಂದ ಗೆದ್ದುಕೊಟ್ಟವು. ಮನುಷ್ಯರನ್ನು ಪ್ರಾಮಾಣಿಕರು, ಭ್ರಷ್ಟರು ಎಂದು ಎರಡು ಸಾಲಿನಲ್ಲಿ ನಿಲ್ಲಿಸುವ ಬರಹಕ್ಕೆ ಈ ಸಂಗತಿಯನ್ನು ಅರಗಿಸಿಕೊಳ್ಳುವುದು ಕಷ್ಟ.

ಮರುದಿನ ಕಾಲೇಜಿನಲ್ಲಿ ಪಾಠ ನಡೆಯಲಿಲ್ಲ. ಹಾರ್ಲೆಮ್‌ನ ಆವರಣದಲ್ಲಿ ಸಾವಿರಾರು ವಿದ್ಯಾರ್ಥಿಗಳು ಸೇರಿ ತಮ್ಮ ಅಲ್ಲಗರೂ ಘೋಷವನ್ನು ಮೊಳಗಿಸಿದರು. ಕಾಲೇಜಿನ ಅಧ್ಯಕ್ಷ ಹ್ಯಾರಿ ರೈಟ್ ಆ ಸಭೆಯಲ್ಲಿ ಹೇಳಿದ್ದರ ಸಾರ: ಈ ಹುಡುಗರನ್ನು ಆಡಿಸಲೆಂದು ಹೊರಗಿನಿಂದ ಕರೆತಂದದ್ದಲ್ಲ, ಆಡುವುದಕ್ಕಾಗಿ ಅವರಿಗೆ ವಿದ್ಯಾರ್ಥಿವೇತನ ಕೊಟ್ಟದ್ದೂ ಅಲ್ಲ, ಇವರು ಓದಲು ಬಂದವರು. ಪ್ರವೇಶಕ್ಕಾಗಿ ಕೆಲವು ಆಟಗಾರರ ಹೈಸ್ಕೂಲ್ ಅಂಕಪಟ್ಟಿಗಳನ್ನೇ ತಿದ್ದಲಾಗಿತ್ತೆಂಬುದು ನಗರದ ಉನ್ನತ ಶಿಕ್ಷಣ ಮಂಡಳಿಯ ತನಿಖೆಯಿಂದ ಮುಂದೆ ಬಯಲಾಯಿತು. ತಿದ್ದಿದ್ದು ಹದಿನೇಳರ ಹುಡುಗರ ಕೈಯಲ್ಲ.

ಪೆನ್ ಸ್ಟೇಷನ್

ಕಟ್ಟು ಸಡಿಲವಾದದ್ದು ಬೇರೆ ಕಾಲೇಜಿನಲ್ಲಿ. 1951ರ ಜನವರಿಯಲ್ಲಿ ಮ್ಯಾನ್‌ಹಟನ್ ಕಾಲೇಜಿನ ಜೂನಿಯಸ್ ಕೆಲಾಗ್‌ಗೆ 1,000 ಡಾಲರ್ ಲಂಚದ ಆಸೆ ತೋರಿಸಲಾಯಿತು. ಸೇನೆಯಲ್ಲಿದ್ದು ಬಂದ, ಬಿಡುವಿನಲ್ಲಿ ಸಣ್ಣ ಕೂಲಿಗೆ ದುಡಿಯುತ್ತಿದ್ದ ಈತ ಆ ಕಾಲೇಜು ತಂಡದ ಮೊದಲ ಕಪ್ಪು ಆಟಗಾರ. ಅವನು ನೇರವಾಗಿ ತರಬೇತುದಾರನಿಗೆ ತಿಳಿಸಿದ; ವಿಷಯ ಜಿಲ್ಲಾ ಅಟಾರ್ನಿ ಫ್ರಾಂಕ್ ಹೋಗನ್ ಅವರ ಕಚೇರಿ ಮುಟ್ಟಿತು.

ಫೆಬ್ರವರಿ 17ರಂದು ಫಿಲಡೆಲ್ಫಿಯಾದಲ್ಲಿ ಟೆಂಪಲ್ ತಂಡವನ್ನು 95–71ರಿಂದ ಸೋಲಿಸಿ ರೈಲಿನಲ್ಲಿ ಮರಳುತ್ತಿದ್ದ ಸಿಟಿ ಕಾಲೇಜಿನ ವಾರ್ನರ್, ರೋಮನ್, ರಾತ್ ಮೂವರನ್ನೂ ಪತ್ತೇದಾರರು ಪೆನ್ ಸ್ಟೇಷನ್‌ನಲ್ಲಿ ವಶಕ್ಕೆ ಪಡೆದರು. ಆ ಋತುವಿನ ಮಿಸೌರಿ, ಅರಿಜೋನ, ಬಾಸ್ಟನ್ ಕಾಲೇಜ್ ಪಂದ್ಯಗಳಲ್ಲಿ ಸೊಲಾಜೊನಿಂದ ಹಣ ಪಡೆದದ್ದನ್ನು ಅವರು ಒಪ್ಪಿಕೊಂಡರು. ಮೂರರಲ್ಲೂ ತಂಡ ಸೋತಿತ್ತು. ಲಾಂಗ್ ಐಲ್ಯಾಂಡ್ ತಂಡದ ಶರ್ಮನ್ ವೈಟ್, ಆ ವರ್ಷದ ದೇಶದ ಅತ್ಯುತ್ತಮ ಆಟಗಾರರಲ್ಲೊಬ್ಬ, ಅದೇ ವಾರ ಸಿಕ್ಕಿಬಿದ್ದ.

ಆಘಾತಗೊಂಡ ವಿದ್ಯಾರ್ಥಿಗಳು ಕಾಲೇಜಿನ ಆವರಣದಲ್ಲಿ ಸೇರಿ, ಆರೋಪ ತಟ್ಟದ ಫ್ಲಾಯ್ಡ್ ಲೇನ್‌ನನ್ನು ಹೆಗಲ ಮೇಲೆ ಹೊತ್ತು ಮೆರೆಸಿದರು. ತಮ್ಮ ನಂಬಿಕೆಗೆ ಒಂದು ಆಸರೆ ಅವರಿಗೆ ಬೇಕಿತ್ತು. ಕೆಲವೇ ದಿನಗಳಲ್ಲಿ, ಫೆಬ್ರವರಿ 27ರಂದು, ಲೇನ್ ಕೂಡ ಬಂಧನಕ್ಕೊಳಗಾದ. ಅವನಿಗೆ ಸಂದದ್ದು 3,000 ಡಾಲರ್. ಬ್ರಾಂಕ್ಸ್‌ನ ಮನೆಯಲ್ಲಿ ಅವನ ಕೋಣೆಯ ಹೂಕುಂಡದ ಮಣ್ಣಿನಲ್ಲಿ 2,890 ಡಾಲರ್ ಹಾಗೆಯೇ ಇತ್ತು. ಈ ಅಂಕಿಯನ್ನು ನಾನು ಬಹಳ ಹೊತ್ತು ನೋಡಿದ್ದೇನೆ. ದುರಾಸೆಯವನು ಹಣ ಖರ್ಚು ಮಾಡುತ್ತಾನೆ. ಈ ಹುಡುಗ ಅದನ್ನು ಹೂತಿಟ್ಟ. ಮಾರ್ಚ್‌ನಲ್ಲಿ ಡ್ಯಾಂಬ್ರಾಟ್, ಮೇಗರ್, ಕೋಹೆನ್ ಸರದಿ ಬಂತು. ಕೊನೆಗೆ ಏಳು ಕಾಲೇಜುಗಳ ಮೂವತ್ತಕ್ಕೂ ಹೆಚ್ಚು ಆಟಗಾರರ ಹೆಸರು ಹೊರಬಿತ್ತು. 1947ರಿಂದ 1950ರವರೆಗಿನ 86 ಪಂದ್ಯಗಳು ಸಂಶಯಕ್ಕೊಳಗಾದವು. ಬ್ರಾಡ್ಲಿಯ ಮೆಲ್ಕಿಯೋರ್ ಕೂಡ ಆ ಪಟ್ಟಿಯಲ್ಲಿದ್ದ. 1951ರ ಎನ್‌ಬಿಎ ಡ್ರಾಫ್ಟ್‌ನಲ್ಲಿ ಮೊದಲಿಗನಾಗಿ ಆಯ್ಕೆಯಾದ ಅವನು ಒಂದು ಎನ್‌ಬಿಎ ಪಂದ್ಯವನ್ನೂ ಆಡಲಿಲ್ಲ.

ಬಾಜಿಕೋರರು ತನ್ನ ಹುಡುಗರನ್ನು ಮುಟ್ಟಲಾರರೆಂದು ಆ ಬೇಸಿಗೆಯಲ್ಲಿ ರಪ್ ಹೇಳಿಕೆ ಕೊಟ್ಟರು. ಅಕ್ಟೋಬರ್‌ನಲ್ಲಿ ಅವರ ಹಳೆಯ ಚಾಂಪಿಯನ್ ತಂಡದ ಅಲೆಕ್ಸ್ ಗ್ರೋಜಾ, ರಾಲ್ಫ್ ಬಿಯರ್ಡ್, ಡೇಲ್ ಬಾರ್ನ್‌ಸ್ಟೇಬಲ್ ಬಂಧನವಾಯಿತು. ಕೇಡು ನ್ಯೂಯಾರ್ಕ್‌ನದು, ದೊಡ್ಡ ನಗರದ್ದು, ವಲಸಿಗರದ್ದು ಎಂಬ ಪ್ರಚಾರ ಅಲ್ಲಿಗೆ ಕುಸಿಯಬೇಕಿತ್ತು. ಕುಸಿಯಲಿಲ್ಲ.

ಶಿಕ್ಷೆಯ ಹಂಚಿಕೆ

1951ರ ನವೆಂಬರ್‌ನಲ್ಲಿ ನ್ಯಾಯಾಧೀಶ ಸಾಲ್ ಸ್ಟ್ರೈಟ್ ತೀರ್ಪು ಕೊಟ್ಟರು. ಸೊಲಾಜೊಗೆ ಎಂಟರಿಂದ ಹದಿನಾರು ವರ್ಷ. ಸಿಟಿ ಕಾಲೇಜಿನ ಬಹುತೇಕರಿಗೆ ಶಿಕ್ಷೆ ಅಮಾನತು. ರಾತ್, ಸೇನೆ ಸೇರುವ ಷರತ್ತಿನ ಮೇಲೆ ಜೈಲು ತಪ್ಪಿಸಿಕೊಂಡ. ವಾರ್ನರ್‌ಗೆ ಆರು ತಿಂಗಳು, ಶರ್ಮನ್ ವೈಟ್‌ಗೆ ಒಂದು ವರ್ಷ. ಇಬ್ಬರೂ ಜೈಲು ಕಂಡರು. ಇಬ್ಬರೂ ಕಪ್ಪು ಜನಾಂಗದವರು. ಮುಂದಿನ ವರ್ಷ ಅದೇ ನ್ಯಾಯಾಧೀಶರ ಮುಂದೆ ನಿಂತ ಕೆಂಟಕಿಯ ಮೂವರಿಗೂ ಅಮಾನತು ಶಿಕ್ಷೆ ಸಿಕ್ಕಿತು. ಕೆಂಟಕಿಯಲ್ಲಿ ಕ್ರೀಡೆ ಹೇಗೆ ವ್ಯವಸ್ಥಿತ ವ್ಯಾಪಾರವಾಗಿದೆಯೆಂದು ಸ್ಟ್ರೈಟ್ ಕಟುವಾಗಿಯೇ ಬರೆದರು, ಆ ವಿಶ್ವವಿದ್ಯಾಲಯ 1952–53ರ ಋತುವನ್ನು ಕಳೆದುಕೊಂಡಿತು. ಆದರೆ ರಪ್ ಇನ್ನೂ ಎರಡು ದಶಕ ಅಲ್ಲಿಯೇ ಮುಂದುವರಿದರು; ಮುಂದೊಂದು ದಿನ ಅಲ್ಲಿನ ದೊಡ್ಡ ಕ್ರೀಡಾಂಗಣಕ್ಕೆ ಅವರ ಹೆಸರನ್ನೇ ಇಟ್ಟರು.

ಹೋಲ್ಮನ್‌ರನ್ನು 1952ರಲ್ಲಿ ಮಂಡಳಿ ಅಮಾನತುಗೊಳಿಸಿತು, 1954ರಲ್ಲಿ ಮರುನೇಮಕವಾಯಿತು. 98 ವರ್ಷ ಬದುಕಿ 1995ರಲ್ಲಿ ತೀರಿಕೊಂಡರು. ಸಹಾಯಕ ಸ್ಯಾಂಡ್‌ಗೆ ಮತ್ತೆ ತರಬೇತಿಯ ಅವಕಾಶ ಸಿಗಲಿಲ್ಲ. ನೆಡ್ ಐರಿಶ್ ನ್ಯೂಯಾರ್ಕ್ ನಿಕ್ಸ್ ತಂಡವನ್ನು ನಡೆಸುತ್ತ ಗೌರವದಿಂದಲೇ ಬಾಳಿದರು.

ಇದೇ ಹೊತ್ತಿಗೆ ನ್ಯೂಯಾರ್ಕ್‌ನ ಇನ್ನೊಂದು ಹಗರಣವನ್ನು ನೆನೆಯಬೇಕು. 1950ರಲ್ಲಿ ಹ್ಯಾರಿ ಗ್ರಾಸ್ ಎಂಬ ಬ್ರೂಕ್ಲಿನ್‌ನ ಬುಕ್ಕಿ ಸಿಕ್ಕಿಬಿದ್ದಾಗ ನೂರಾರು ಪೊಲೀಸರಿಗೆ ಅವನಿಂದ ತಿಂಗಳ ಮಾಮೂಲು ಸಲ್ಲುತ್ತಿದ್ದದ್ದು ಬೆಳಕಿಗೆ ಬಂತು. ಮೇಯರ್ ವಿಲಿಯಂ ಓಡ್ವೈಯರ್ ಆಗಸ್ಟ್‌ನಲ್ಲಿ ಹುದ್ದೆ ಬಿಟ್ಟು ಮೆಕ್ಸಿಕೊಗೆ ರಾಯಭಾರಿಯಾಗಿ ಹೋದರು. ಈ ಋತುವಿನ ಬಗ್ಗೆ ಸ್ಟ್ಯಾನ್ಲಿ ಕೋಹೆನ್, ಚಾರ್ಲಿ ರೋಸೆನ್ ಎಪ್ಪತ್ತರ ದಶಕದಲ್ಲಿ ಬರೆದ ಪುಸ್ತಕಗಳು ಅಂಕಣವನ್ನೂ ಆಟಗಾರರನ್ನೂ ಹತ್ತಿರದಿಂದ ಕಂಡವು. 2019ರಲ್ಲಿ ಮ್ಯಾಥ್ಯೂ ಗುಡ್‌ಮನ್ ಬರೆದ ಗ್ರಂಥ ಪೊಲೀಸ್ ಇಲಾಖೆ ಮತ್ತು ನಗರಾಡಳಿತದ ಭ್ರಷ್ಟಾಚಾರವನ್ನು ಇದೇ ಕಥೆಯೊಳಗೆ ತಂದಿತು. ಆ ದಿಕ್ಕೇ ಸರಿಯೆಂದು ನಾನು ಭಾವಿಸುತ್ತೇನೆ. ಬಾಜಿ ಹಣದಿಂದ ಕೊಬ್ಬಿದ ಊರಿನಲ್ಲಿ ಹಿಡಿಯಲು ಸುಲಭವಾಗಿದ್ದವರು ಈ ಹುಡುಗರು. ಅವರ ಭಾವಚಿತ್ರ ಪತ್ರಿಕೆಯ ಮುಖಪುಟಕ್ಕೆ ಒಪ್ಪುತ್ತಿತ್ತು, ಅವರ ಹಿಂದೆ ವಕೀಲರ ಪಡೆ ಇರಲಿಲ್ಲ.

ಹಾಗೆಂದು ಅವರು ತಪ್ಪು ಮಾಡಲಿಲ್ಲ ಎನ್ನಲಾಗದು. ಕೆಲಾಗ್‌ಗೂ ಹಣದ ಅಗತ್ಯ ಅಷ್ಟೇ ಇತ್ತು, ಅವನು ಬೇಡವೆಂದ. ಸಿಟಿ ಕಾಲೇಜಿನ ವಿದ್ಯಾರ್ಥಿಗಳು ಇಟ್ಟಿದ್ದ ನಂಬಿಕೆ ನಿಜವಾದದ್ದು. ಅದು ಮುರಿದ ನೋವು ಒಂದು ತಲೆಮಾರಿನ ನ್ಯೂಯಾರ್ಕಿಗರನ್ನು ಬಿಡಲಿಲ್ಲ. ತಪ್ಪು ಇತ್ತು. ಶಿಕ್ಷೆ ತಪ್ಪಿನ ಅಳತೆಗೆ ಇರಲಿಲ್ಲ, ತಪ್ಪಿನ ಪಾಲುದಾರರೆಲ್ಲರಿಗೂ ತಲುಪಲಿಲ್ಲ.

ಎನ್‌ಬಿಎ ಬಾಗಿಲು ಅವರಿಗೆ ಶಾಶ್ವತವಾಗಿ ಮುಚ್ಚಿತು. ಬಾಲ್ಟಿಮೋರ್ ತಂಡಕ್ಕೆ ಆಡುತ್ತಿದ್ದ ಮೇಗರ್ ನಡುವೆಯೇ ಹೊರಬಿದ್ದ. ವಾರ್ನರ್, ರೋಮನ್, ಲೇನ್ ಸಣ್ಣ ಊರುಗಳ ಈಸ್ಟರ್ನ್ ಲೀಗ್‌ನಲ್ಲಿ ವಾರಾಂತ್ಯಗಳಲ್ಲಿ ಆಡಿದರು. ಡ್ಯಾಂಬ್ರಾಟ್ ದಂತವೈದ್ಯರಾದರು. ರೋಮನ್ ಮನಶ್ಶಾಸ್ತ್ರದಲ್ಲಿ ಪಿಎಚ್‌.ಡಿ. ಪಡೆದು ಶಾಲಾ ಮಕ್ಕಳ ನಡುವೆ ಕೆಲಸ ಮಾಡಿದರು. ಲೇನ್ ಬ್ರಾಂಕ್ಸ್‌ನ ಹುಡುಗರಿಗೆ ಆಟ ಕಲಿಸಿದರು. ಮುಂದೆ ಎನ್‌ಬಿಎ ತಾರೆಯಾದ ನೇಟ್ ಆರ್ಚಿಬಾಲ್ಡ್ ಅವರ ಗರಡಿಯಲ್ಲಿ ಪಳಗಿದವನು. 1974ರಲ್ಲಿ ಸಿಟಿ ಕಾಲೇಜು ತನ್ನ ಬ್ಯಾಸ್ಕೆಟ್‌ಬಾಲ್ ತಂಡದ ತರಬೇತುದಾರನಾಗಿ ಇದೇ ಲೇನ್ ಅವರನ್ನು ನೇಮಿಸಿಕೊಂಡಿತು. ಹದಿನಾಲ್ಕು ವರ್ಷ ಅವರು ಆ ಹುದ್ದೆಯಲ್ಲಿದ್ದರು. ಈ ಇಡೀ ಪ್ರಕರಣದಲ್ಲಿ ಸಂಸ್ಥೆಯೊಂದು ನಡೆದುಕೊಂಡ ಅತ್ಯಂತ ಘನತೆಯ ರೀತಿ ಇದು.

ಒಂದೇ ವರ್ಷ ಎರಡೂ ಟೂರ್ನಿಗಳಲ್ಲಿ ಆಡುವುದನ್ನು ಎನ್‌ಸಿಎಎ ಐವತ್ತರ ದಶಕದಲ್ಲಿ ನಿಷೇಧಿಸಿತು. ಅದರ ಫೈನಲ್ ಮತ್ತೆಂದೂ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ಗೆ ಬರಲಿಲ್ಲ. ಸಿಟಿ ಕಾಲೇಜು ದೊಡ್ಡ ಮಟ್ಟದ ಬ್ಯಾಸ್ಕೆಟ್‌ಬಾಲ್‌ನಿಂದ ಹಿಂದೆ ಸರಿಯಿತು. ಇಂದು ಅದು ಮೂರನೇ ವಿಭಾಗದಲ್ಲಿ ಆಡುತ್ತಿದೆ. ಕಾಲೇಜು ಆಟಗಾರರು ತಮ್ಮ ಹೆಸರು, ಚಿತ್ರಗಳಿಂದ ಹಣ ಗಳಿಸಬಹುದೆಂದು ಎನ್‌ಸಿಎಎ ಒಪ್ಪಿಕೊಂಡದ್ದು 2021ರಲ್ಲಿ, ಆ ಋತು ಮುಗಿದು ಎಪ್ಪತ್ತೊಂದು ವರ್ಷಗಳ ಮೇಲೆ. 1950ರ ಎರಡು ಪ್ರಶಸ್ತಿಗಳೂ ದಾಖಲೆಯಲ್ಲಿ ಇಂದಿಗೂ ಸಿಟಿ ಕಾಲೇಜಿನ ಹೆಸರಿನಲ್ಲೇ ಇವೆ. ಅವನ್ನು ಯಾರೂ ಹಿಂಪಡೆಯಲಿಲ್ಲ. ಹಿಂಪಡೆಯಲು ಕಾರಣವೂ ಇಲ್ಲ.